ಎರೆನೆಲದಲ್ಲಿ ಯಂತ್ರದ ಮಾತು: ಹೊಳೆಆಲೂರು ಪರಿಸರದ ಅಗೆತದ ಯಂತ್ರಗಳು ಮತ್ತು ಸಂವಹನ ದೋಷ ಹುಡುಕುವ ವಿದ್ಯೆ

ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹೊಳೆಆಲೂರು ಮಲಪ್ರಭಾ ನದಿಯ ದಂಡೆಯಲ್ಲಿ, ಗದಗ–ಹೋಟಗಿ ರೈಲುಮಾರ್ಗದ ಮೇಲೆ ಇರುವ ಊರು. ಸುತ್ತಲಿನದು ಎರೆಭೂಮಿ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು ಬಿಡುವ, ಮಳೆ ಬಿದ್ದೊಡನೆ ಉಬ್ಬಿ ಅಂಟಾಗುವ ಈ ನೆಲದಲ್ಲಿ ಮಣ್ಣಿನ ಕೆಲಸವೆಂದರೆ ಒಂದು ಕಾಲಕ್ಕೆ ಹಾರೆ, ಗುದ್ದಲಿ, ಸಲಿಕೆ, ಬುಟ್ಟಿ ಮತ್ತು ಚಕ್ಕಡಿಯ ಕೆಲಸವಾಗಿತ್ತು. ಬಾವಿ, ಕೆರೆ, ಒಡ್ಡು, ಕಾಲುವೆಗಳನ್ನು ತೋಡಿದವರಲ್ಲಿ ಭೋವಿ ಅಥವಾ ವಡ್ಡರ ಸಮುದಾಯದ ಪಾತ್ರ ದೊಡ್ಡದು. ಇಂದು ಅದೇ ಕೆಲಸ ಬಹುಪಾಲು ಯಂತ್ರಗಳಿಗೆ ಬಂದಿದೆ. ಕೃಷಿಹೊಂಡ ತೋಡುವುದು, ಕೆರೆಯ ಹೂಳೆತ್ತುವುದು, ಹೊಲದ ಒಡ್ಡು ಹಾಕುವುದು, ಮನೆಯ ತಳಪಾಯಕ್ಕೆ ಎರೆಯನ್ನು ತೆಗೆದು ಗರಸು ತುಂಬುವುದು, ರೈಲುಮಾರ್ಗಕ್ಕೆ ಏರಿ ಕಟ್ಟುವುದು, ಗಜೇಂದ್ರಗಡದ ಕಡೆಯ ಗಾಳಿಯಂತ್ರಗಳಿಗೆ ಬುನಾದಿ ಅಗೆಯುವುದು, ಹೀಗೆ ಇದರ ವ್ಯಾಪ್ತಿ ವಿಸ್ತಾರವಾದುದು. 2009 ಮತ್ತು 2019ರ ಮಲಪ್ರಭಾ ಪ್ರವಾಹಗಳ ನಂತರ ಕೊಚ್ಚಿಹೋದ ರಸ್ತೆ, ಒಡ್ಡುಗಳ ದುರಸ್ತಿಗೂ ಈ ಯಂತ್ರಗಳೇ ಬೇಕಾದವು.

ವೃತ್ತಿ ಜಾನಪದದ ಅಧ್ಯಯನದಲ್ಲಿ ಕಮ್ಮಾರಿಕೆ, ಬಡಿಗತನ, ಕುಂಬಾರಿಕೆ, ನೇಯ್ಗೆಗಳ ಕುರಿತು ಸಾಕಷ್ಟು ಸಂಗ್ರಹ ಕಾರ್ಯ ನಡೆದಿದೆ. ರಂಟೆ, ಕುಂಟೆ, ಕೂರಿಗೆಗಳ ಭಾಗಗಳ ಹೆಸರು ಪದಕೋಶಗಳಲ್ಲಿ ದೊರೆಯುತ್ತದೆ. ಆದರೆ ಅದೇ ಊರಿನಲ್ಲಿ ಎರಡು ದಶಕಗಳಿಗೂ ಮಿಕ್ಕಿ ದುಡಿಯುತ್ತಿರುವ ಯಂತ್ರದ ಮಿಸ್ತ್ರಿಗಳ ತಿಳಿವಳಿಕೆ ಜಾನಪದದ ವಸ್ತುವೆಂದು ಪರಿಗಣಿತವಾದದ್ದು ಕಡಿಮೆ. ಬರಹಕ್ಕಿಳಿಯದೆ ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಸಾಗುವ ಜ್ಞಾನವೇ ಜಾನಪದವೆಂಬ ವ್ಯಾಖ್ಯೆಯನ್ನು ಒಪ್ಪುವುದಾದರೆ ಇದನ್ನು ಹೊರಗಿಡಲು ಕಾರಣವಿಲ್ಲ. ಈ ಜ್ಞಾನದ ಒಂದು ಭಾಗವನ್ನು, ಅಂದರೆ ಯಂತ್ರದೊಳಗಿನ ಎಲೆಕ್ಟ್ರಾನಿಕ್ ಸಂವಹನ ಕೆಟ್ಟಾಗ ಅದರ ಮೂಲವನ್ನು ಪತ್ತೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಹೆಸರುಗಳ ವಿಚಾರ. ಕರ್ನಾಟಕದ ಹಳ್ಳಿಗಳಲ್ಲಿ ರಬ್ಬರ್ ಗಾಲಿಯ, ಮುಂದೆ ಬಾನಿ, ಹಿಂದೆ ತೋಳುಳ್ಳ ಯಂತ್ರವು ಯಾವ ಕಂಪನಿಯದಾದರೂ 'ಜೆಸಿಬಿ'. ಚೈನಿನ ಮೇಲೆ ನಡೆದು ಮೈ ತಿರುಗಿಸುವ ಯಂತ್ರವು ಯಾರದಾದರೂ 'ಹಿಟಾಚಿ'. ಮೊದಲನೆಯದು 1945ರಲ್ಲಿ ಇಂಗ್ಲೆಂಡಿನಲ್ಲಿ ಕಂಪನಿಯನ್ನು ಸ್ಥಾಪಿಸಿದ ಜೋಸೆಫ್ ಸಿರಿಲ್ ಬ್ಯಾಮ್‌ಫರ್ಡ್ ಅವರ ಹೆಸರಿನ ಮೊದಲಕ್ಷರಗಳು. ಆ ಕಂಪನಿ 1979ರಲ್ಲಿ ಭಾರತಕ್ಕೆ ಬಂದಿತು. ಎರಡನೆಯದು ಜಪಾನಿನ ಒಂದು ಊರಿನ ಹೆಸರು. 1984ರಲ್ಲಿ ಟೆಲ್ಕೊ ಸಂಸ್ಥೆಯು ಹಿಟಾಚಿಯ ತಾಂತ್ರಿಕ ಸಹಯೋಗದಲ್ಲಿ ಅಗೆತದ ಯಂತ್ರಗಳನ್ನು ತಯಾರಿಸತೊಡಗಿದ ಮೇಲೆ ಈ ಹೆಸರು ನಾಡಿನಲ್ಲಿ ಬೇರುಬಿಟ್ಟಿತು. ಇಂದು ಟಾಟಾ ಹಿಟಾಚಿಯ ಕಾರ್ಖಾನೆ ನೆರೆಯ ಧಾರವಾಡದಲ್ಲಿಯೇ ಇದೆ. 1964ರಲ್ಲಿ ಸ್ಥಾಪನೆಯಾಗಿ ಕೆಜಿಎಫ್ ಮತ್ತು ಮೈಸೂರುಗಳಲ್ಲಿ ಭಾರೀ ಯಂತ್ರ ತಯಾರಿಸಿದ ಸರ್ಕಾರಿ ಸ್ವಾಮ್ಯದ ಬೆಮೆಲ್ ಇದಕ್ಕಿಂತ ಹಳೆಯದಾದರೂ ಅದರ ಹೆಸರು ಹೀಗೆ ಜಾತಿವಾಚಕವಾಗಲಿಲ್ಲವೆಂಬುದು ಗಮನಾರ್ಹ. ಅದರ ಯಂತ್ರಗಳು ಹೆಚ್ಚಾಗಿ ಗಣಿ, ಅಣೆಕಟ್ಟುಗಳಲ್ಲಿ ದುಡಿದವೇ ಹೊರತು ಹೊಲದ ಬದುವಿಗೆ ಬರಲಿಲ್ಲ.

ಹಳೆಯ ಯಂತ್ರಗಳ ವಿದ್ಯುತ್ ವ್ಯವಸ್ಥೆ ಸರಳವಾಗಿತ್ತು. ಎಂಜಿನ್ ಎಣ್ಣೆಯ ಒತ್ತಡಕ್ಕೆ ಒಂದು ತಂತಿ, ನೀರಿನ ಬಿಸಿಗೆ ಇನ್ನೊಂದು, ಡೀಸೆಲ್ ಮಟ್ಟಕ್ಕೆ ಮತ್ತೊಂದು. ಪ್ರತಿ ತಂತಿಯೂ ನೇರವಾಗಿ ತನ್ನ ಮುಳ್ಳಿಗೆ ಹೋಗುತ್ತಿತ್ತು. ಮುಳ್ಳು ಆಡದಿದ್ದರೆ ಆ ಒಂದು ತಂತಿಯನ್ನು ಹಿಡಿದು ಹೋದರೆ ಸಾಕಿತ್ತು. ಎಂಜಿನ್ನು, ಹೈಡ್ರಾಲಿಕ್ ಪಂಪು, ಚಾಲಕನ ಮುಂದಿನ ಮಾನಿಟರ್ ಇವುಗಳಿಗೆ ಪ್ರತ್ಯೇಕ ಕಂಟ್ರೋಲರ್‌ಗಳು ಬಂದ ಮೇಲೆ ಅವು ಪರಸ್ಪರ ಮಾತನಾಡಬೇಕಾಯಿತು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಆರಂಭಿಸಿ 1986ರಲ್ಲಿ ಪ್ರಕಟಿಸಿದ 'ಕ್ಯಾನ್' ಎಂಬ ಸಂವಹನ ಪದ್ಧತಿ ಇದಕ್ಕೆ ದಾರಿಯಾಯಿತು. ಅದರ ಮೇಲೆ ರೂಪುಗೊಂಡ ಜೆ1939 ಎಂಬ ನಿಯಮಾವಳಿಯನ್ನು ಭಾರೀ ವಾಹನ ಹಾಗೂ ನಿರ್ಮಾಣ ಯಂತ್ರಗಳಲ್ಲಿ ವ್ಯಾಪಕವಾಗಿ ಬಳಸಲಾಗುತ್ತದೆ. ಭಾರತದಲ್ಲಿ ಗಾಲಿಯುಳ್ಳ ನಿರ್ಮಾಣ ಯಂತ್ರಗಳಿಗೆ 2021ರ ಏಪ್ರಿಲ್‌ನಿಂದ ಜಾರಿಗೆ ಬಂದ ನಾಲ್ಕನೆಯ ಹಂತದ ಹೊಗೆ ನಿಯಮಗಳ ನಂತರ ಎಲೆಕ್ಟ್ರಾನಿಕ್ ನಿಯಂತ್ರಣದ ಎಂಜಿನ್ನುಗಳು ಹಳ್ಳಿಯ ಜೆಸಿಬಿಗೂ ಬಂದವು. ಪಾನಾ, ಸುತ್ತಿಗೆಗಳಿಂದ ಎಂಜಿನ್ ಬಿಚ್ಚಿ ಕಟ್ಟಬಲ್ಲ ಮಿಸ್ತ್ರಿಯ ಮುಂದೆ ಕಣ್ಣಿಗೆ ಕಾಣದ ದೋಷವೊಂದು ಬಂದು ನಿಂತದ್ದು ಹೀಗೆ.

ಈ ಪದ್ಧತಿಯ ಸ್ವರೂಪವನ್ನು ಗ್ರಾಮಜೀವನದ ಎರಡು ಸಂಗತಿಗಳಿಂದ ಚೆನ್ನಾಗಿ ಗ್ರಹಿಸಬಹುದು. ಮೊದಲನೆಯದು ಡಂಗುರ. ಡಂಗುರ ಸಾರುವವನು ಯಾರೊಬ್ಬರ ಮನೆಯ ಬಾಗಿಲಿಗೂ ಹೋಗಿ ಹೇಳುವುದಿಲ್ಲ. ಓಣಿಯಲ್ಲಿ ಸಾರುತ್ತಾನೆ, ಬೇಕಾದವರು ಕೇಳಿಸಿಕೊಳ್ಳುತ್ತಾರೆ. ಎಂಜಿನ್ನಿನ ಕಂಟ್ರೋಲರ್ ತನ್ನ ವೇಗವನ್ನು ಎರಡು ತಂತಿಗಳ ಮೇಲೆ ಸೆಕೆಂಡಿಗೆ ಹಲವಾರು ಸಲ ಸಾರುತ್ತಲೇ ಇರುತ್ತದೆ. ಮಾನಿಟರ್, ಪಂಪಿನ ಕಂಟ್ರೋಲರ್ ತಮಗೆ ಬೇಕಾದುದನ್ನು ಎತ್ತಿಕೊಳ್ಳುತ್ತವೆ. ಎರಡನೆಯದು ಕಟ್ಟೆಯ ಪಂಚಾಯ್ತಿ. ಅಲ್ಲಿ ಹಿರಿಯನೂ ಕಿರಿಯನೂ ಒಂದೇ ಕ್ಷಣಕ್ಕೆ ಬಾಯಿ ತೆರೆದರೆ ಕಿರಿಯನು ಸುಮ್ಮನಾಗಿ, ಹಿರಿಯನ ಮಾತು ಮುಗಿದ ಮೇಲೆ ತನ್ನದನ್ನು ಹೇಳುತ್ತಾನೆ. ಇಲ್ಲಿಯೂ ಪ್ರತಿ ಸಂದೇಶಕ್ಕೆ ಒಂದು ಸಂಖ್ಯೆಯಿದ್ದು, ಸಂಖ್ಯೆ ಚಿಕ್ಕದಾದಷ್ಟೂ ಹಕ್ಕು ದೊಡ್ಡದು. ಸೋತ ಸಂದೇಶ ನಷ್ಟವಾಗುವುದಿಲ್ಲ, ಕಾದು ಮತ್ತೆ ಬರುತ್ತದೆ. ತನ್ನ ಮಾತಿನಲ್ಲಿ ಮೇಲಿಂದ ಮೇಲೆ ತಪ್ಪು ಕಂಡ ಕಂಟ್ರೋಲರ್ ತಪ್ಪುಗಳ ಎಣಿಕೆ 255ನ್ನು ಮೀರಿದೊಡನೆ ತಾನಾಗಿಯೇ ಸಭೆಯಿಂದ ಹೊರನಡೆಯುತ್ತದೆ. ಕೆಟ್ಟವನೊಬ್ಬನ ಗದ್ದಲದಿಂದ ಸಭೆ ಮುರಿಯಬಾರದೆಂಬುದೇ ಇದರ ಉದ್ದೇಶ.

ಎರಡು ತಂತಿಗಳನ್ನು ಹಗ್ಗದ ಹುರಿಗಳಂತೆ ಒಂದಕ್ಕೊಂದು ಹೊಸೆದಿರುತ್ತಾರೆ. ಸಾಮಾನ್ಯವಾಗಿ ಹಳದಿಯದು ಮೇಲಿನ ತಂತಿ, ಹಸಿರಿನದು ಕೆಳಗಿನ ತಂತಿ. ಸುಮ್ಮನಿರುವಾಗ ಎರಡರ ಮೇಲೂ ಸುಮಾರು 2.5 ವೋಲ್ಟ್, ಮಾತು ಹೊರಟಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವವರು ನೋಡುವುದು ಇವೆರಡರ ಅಂತರವನ್ನು ಮಾತ್ರ. ಡೈನಮೋ, ಸ್ಟಾರ್ಟರುಗಳ ಹೊರಗದ್ದಲ ಎರಡೂ ಹುರಿಗಳಿಗೆ ಸಮನಾಗಿ ತಾಗುವುದರಿಂದ ಅಂತರ ಕೆಡುವುದಿಲ್ಲ. ಆದ್ದರಿಂದಲೇ ಕಡಿದ ತಂತಿಯನ್ನು ಬೆಸೆಯುವಾಗ ಮೊಳದುದ್ದ ಹೊಸೆಯದೆ ಬಿಟ್ಟರೆ ಯಂತ್ರ ನಡೆಯುತ್ತದೆಯಾದರೂ ಆಗಾಗ ಕಾರಣವಿಲ್ಲದೆ ತಡವರಿಸುತ್ತದೆ. ಸಾಲಿನ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ತಡೆ ಇರುತ್ತದೆ. ಬಾವಿಯಲ್ಲಿ ಕೂಗಿದರೆ ದನಿ ಮರಳಿ ಬರುವಂತೆ ತಂತಿಯ ತುದಿಯಿಂದ ಸಂದೇಶ ಮರಳಿ ಬಂದು ಹೊಸ ಸಂದೇಶದೊಡನೆ ಕಲೆಯದಿರಲೆಂದು ಈ ಏರ್ಪಾಟು.

ಈ ಎರಡು ತಡೆಗಳೇ ಮಿಸ್ತ್ರಿಗೆ ದೊರೆಯುವ ನಾಡಿ. ಕೆಲವು ನೂರು ರೂಪಾಯಿಗಳ ಮಲ್ಟಿಮೀಟರ್ ಒಂದಿದ್ದರೆ ಅದನ್ನು ಹಿಡಿಯಬಹುದು. ಕೀಲಿ ತೆಗೆದು, ಬ್ಯಾಟರಿಯ ಕಡಿತ ಸ್ವಿಚ್ಚನ್ನು ಆರಿಸಿ, ಕೆಲವು ನಿಮಿಷ ಬಿಟ್ಟು ಪರೀಕ್ಷಾ ಸಾಕೆಟ್ಟಿನಲ್ಲಿ ಎರಡು ತಂತಿಗಳ ನಡುವಿನ ತಡೆಯನ್ನು ಅಳೆಯಬೇಕು. ಒಂಬತ್ತು ಕಡ್ಡಿಗಳ ದುಂಡನೆಯ ಸಾಕೆಟ್ ಇರುವಲ್ಲಿ 'ಸಿ' ಮತ್ತು 'ಡಿ' ಎಂಬ ಕಡ್ಡಿಗಳು ಇವು. 'ಎ' ಎಂಬುದು ಅರ್ಥ್, 'ಬಿ' ಎಂಬುದು ಬ್ಯಾಟರಿ. 120 ಓಮ್‌ನ ಎರಡು ತಡೆಗಳು ಅಕ್ಕಪಕ್ಕ ಸೇರಿದಾಗ 60 ಬರುತ್ತದೆ. 60 ಬಂದರೆ ಮುಖ್ಯ ಸಾಲು ಗಟ್ಟಿ ಎಂದು ತಿಳಿಯಬೇಕು. 120 ಬಂದರೆ ಒಂದು ತುದಿಯ ತಡೆ ಹೋಗಿದೆ ಅಥವಾ ನಡುವೆ ತಂತಿ ಕಡಿದಿದೆ. 40ರ ಆಸುಪಾಸು ಬಂದರೆ ಯಾರೋ ಮೂರನೆಯ ತಡೆಯೊಂದನ್ನು ಸೇರಿಸಿದ್ದಾರೆ. ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಎಲ್ಲಿಯೋ ಒಂದಕ್ಕೊಂದು ತಾಗಿವೆ. ಕರೆಂಟ್ ಇರುವಾಗ ತಡೆ ಅಳೆದರೆ ಬರುವ ಅಂಕಿ ಸುಳ್ಳು. ಮುಂದೆ ಪ್ರತಿ ತಂತಿಗೂ ಅರ್ಥ್‌ಗೂ ನಡುವೆ ಸಂಪರ್ಕವಿದೆಯೇ ಎಂದು ನೋಡಬೇಕು. ಬಳಿಕ ಕೀಲಿ ಹಾಕಿ ವೋಲ್ಟ್ ಅಳೆದರೆ ಆರೋಗ್ಯವಂತ ಯಂತ್ರದಲ್ಲಿ ಮೇಲಿನ ತಂತಿ 2.5ಕ್ಕಿಂತ ತುಸು ಮೇಲೆ, ಕೆಳಗಿನದು ತುಸು ಕೆಳಗೆ ನಿಲ್ಲುತ್ತದೆ. ಒಂದು ತಂತಿ ಸೊನ್ನೆಯಲ್ಲಿದ್ದರೆ ಅದು ಮೈಗೆ ತಾಗಿದೆ. 24ರ ಹತ್ತಿರ ಇದ್ದರೆ ಬ್ಯಾಟರಿಯ ತಂತಿಗೆ ತಾಗಿದೆ.

60 ಬಂದ ಮಾತ್ರಕ್ಕೆ ದೋಷವಿಲ್ಲವೆಂದು ಹೇಳುವಂತಿಲ್ಲ. ಮುಖ್ಯ ಸಾಲಿನಿಂದ ಒಂದು ಕಂಟ್ರೋಲರ್‌ಗೆ ಹೋಗುವ ಕವಲು ಕಡಿದಿದ್ದರೂ ಮೀಟರಿನಲ್ಲಿ 60 ಬಂದೀತು. ಕಂಟ್ರೋಲರ್‌ಗೆ ಕರೆಂಟೇ ಹೋಗದಿದ್ದಾಗಲೂ ಅಷ್ಟೇ. ಇಲ್ಲಿ ಮೀಟರಿಗಿಂತ ವಿವೇಚನೆಗೆ ಹೆಚ್ಚು ಕೆಲಸ. ಯಂತ್ರ ತೋರಿಸುವ ದೋಷ ಸಂಕೇತಗಳನ್ನು ಯಾರು ಯಾರ ಮೇಲೆ ದೂರು ಹೇಳುತ್ತಿದ್ದಾರೆ ಎಂಬ ದೃಷ್ಟಿಯಿಂದ ಓದಬೇಕು. ಮಾನಿಟರ್ ಮತ್ತು ಪಂಪಿನ ಕಂಟ್ರೋಲರ್ ಎರಡೂ 'ಎಂಜಿನ್ನಿನ ಮಾತು ಕೇಳುತ್ತಿಲ್ಲ' ಎಂದರೆ ಮೂಕವಾಗಿರುವುದು ಎಂಜಿನ್ನಿನ ಕಂಟ್ರೋಲರ್. ಮಾನಿಟರ್ ಒಂದೇ 'ಯಾರ ಮಾತೂ ಕೇಳುತ್ತಿಲ್ಲ' ಎಂದು, ಉಳಿದವು ಪರಸ್ಪರ ನೆಟ್ಟಗಿದ್ದರೆ ಕಿವುಡಾಗಿರುವುದು ಮಾನಿಟರ್. ದೋಷ ಅದರ ಕವಲಿನಲ್ಲಿ. ಎಲ್ಲರೂ ಎಲ್ಲರ ಮೇಲೆ ದೂರಿದರೆ ಮುಖ್ಯ ಸಾಲು ಕೆಟ್ಟಿದೆ ಅಥವಾ ಒಬ್ಬ ಗದ್ದಲಗಾರ ಇಡೀ ಓಣಿಯನ್ನು ತುಂಬಿದ್ದಾನೆ. ಜಗಳದ ನ್ಯಾಯ ಮಾಡುವ ಹಿರಿಯನು ದೂರು ಕೊಟ್ಟವನನ್ನಷ್ಟೇ ಅಲ್ಲ, ಮಾತಾಡದೆ ಕುಳಿತವನನ್ನೂ ನೋಡುತ್ತಾನಲ್ಲವೇ, ಇದೂ ಅದೇ ಕ್ರಮ.

ಜೆ1939ರಲ್ಲಿ ಪ್ರತಿ ದೋಷಕ್ಕೆ ಎರಡು ಅಂಕಿಗಳಿವೆ: ಮೊದಲನೆಯದು ಯಾವ ಸಂಗತಿ ಎಂಬುದನ್ನು, ಎರಡನೆಯದು ಯಾವ ಬಗೆಯ ಕೇಡು ಎಂಬುದನ್ನು ಹೇಳುತ್ತದೆ. 100 ಎಂದರೆ ಎಂಜಿನ್ ಎಣ್ಣೆಯ ಒತ್ತಡ, 110 ಎಂದರೆ ನೀರಿನ ಬಿಸಿ, 639 ಎಂದರೆ ಸಂವಹನದ ಸಾಲೇ. ಬಗೆಯ ಅಂಕಿ 3 ಆದರೆ ವೋಲ್ಟ್ ಮಿತಿಮೀರಿದೆ, 4 ಆದರೆ ಮಿತಿಗಿಂತ ಕಡಿಮೆಯಾಗಿದೆ, 9 ಆದರೆ ಬರಬೇಕಾದ ಸಂದೇಶ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ. ಸಂಕೇತವು ಹೆಸರಿಸಿದ ಭಾಗವನ್ನೇ ಬದಲಿಸುವುದು ಈ ವೃತ್ತಿಯಲ್ಲಿ ಕಾಣುವ ಅತಿ ದುಬಾರಿಯಾದ ತಪ್ಪು. ಎಂಜಿನ್ನಿನ ಮಾತು ನಿಂತಿದೆ ಎಂದೊಡನೆ ಕಂಟ್ರೋಲರನ್ನೇ ಬದಲಿಸಿ, ಮರುದಿನ ಅದೇ ಸಂಕೇತ ಕಂಡು ಕೈಚೆಲ್ಲಿದರೆ ಆ ಹೊರೆ ಬೀಳುವುದು ಬ್ಯಾಂಕಿನ ಕಂತು ಕಟ್ಟುವ ಸಣ್ಣ ಮಾಲೀಕನ ಮೇಲೆ.

ಏಕಕಾಲಕ್ಕೆ ಹತ್ತಾರು ಸಂಕೇತಗಳು ಬಂದಾಗ ಹತ್ತಾರು ದೋಷಗಳನ್ನು ಹುಡುಕಬಾರದು. ಎಲ್ಲಕ್ಕೂ ಸಾಮಾನ್ಯವಾದ ಒಂದನ್ನು ಹುಡುಕಬೇಕು. ಹೆಚ್ಚಿನ ಸಲ ಅದು ಬ್ಯಾಟರಿ ಅಥವಾ ಅರ್ಥ್ ಆಗಿರುತ್ತದೆ. ಬ್ಯಾಟರಿ ಸೋತಿದ್ದರೆ ಸ್ಟಾರ್ಟರ್ ತಿರುಗುವ ಕ್ಷಣಕ್ಕೆ ವೋಲ್ಟ್ ಕುಸಿದು ಕಂಟ್ರೋಲರ್‌ಗಳು ಮಾತಿನ ನಡುವೆ ಮೂರ್ಛೆ ಹೋಗುತ್ತವೆ. ಅರ್ಥ್ ಪಟ್ಟಿಯ ಬೋಲ್ಟಿನ ಕೆಳಗೆ ಬಣ್ಣ, ತುಕ್ಕು ಸೇರಿದ್ದರೂ ಪರಿಣಾಮ ಅದೇ. ಮರಳುಕಾಗದದಿಂದ ಉಜ್ಜಿ ಬಿಗಿ ಮಾಡಿದೊಡನೆ ಪರದೆಯ ಸಂಕೇತಗಳೆಲ್ಲ ಮಾಯವಾಗುವ ಪ್ರಸಂಗಗಳು ವಿರಳವಲ್ಲ.

ಎರೆನೆಲದ ಗುಣವು ಈ ದೋಷಗಳಿಗೆ ತನ್ನದೇ ಆದ ಮುಖವನ್ನು ಕೊಡುತ್ತದೆ. ಒಣಗಿದಾಗ ನುಣ್ಣನೆಯ ಧೂಳು, ನೆನೆದಾಗ ಬಿಡದೆ ಅಂಟಿಕೊಳ್ಳುವ ರಾಡಿ. ಯಂತ್ರದ ಹೊಟ್ಟೆಯ ಕೆಳಗೆ ಮೆತ್ತಿದ ರಾಡಿ ವಾರಗಟ್ಟಲೆ ತೇವವನ್ನು ಹಿಡಿದಿಡುತ್ತದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಸವುಳಾದ ಹೊಲಗಳೂ ಇರುವುದರಿಂದ ಆ ತೇವದಲ್ಲಿ ಉಪ್ಪಿನಂಶವೂ ಇರಬಲ್ಲದು. ಕನೆಕ್ಟರಿನ ರಬ್ಬರ್ ಮುಚ್ಚಿಗೆ ಹರಿದಿದ್ದರೆ ಒಳಗಿನ ಕಡ್ಡಿಗಳಿಗೆ ಹಸಿರು ಕಿಲುಬು ಹಿಡಿಯುತ್ತದೆ. ರಾಡಿ ತೊಳೆಯಲು ಪ್ರೆಶರ್ ಪಂಪಿನ ನೀರನ್ನು ನೇರವಾಗಿ ಕನೆಕ್ಟರಿಗೆ ಹೊಡೆಯುವುದು ಇನ್ನೂ ಕೆಟ್ಟದ್ದು. ಮಳೆಗಾಲದಲ್ಲಿ ನೆನೆದ ಎರೆಯ ಮೇಲೆ ಕೆಲಸ ಸಾಗದೆ ಯಂತ್ರ ಹೊಲದಂಚಿನಲ್ಲಿ ನಿಂತಿರುವಾಗ ಇಲಿಗಳು ಎಂಜಿನ್ನಿನ ಮನೆ ಸೇರಿ ತಂತಿ ಕಡಿಯುತ್ತವೆ. ಹೀಗಾಗಿ ಹಿಂಗಾರಿ ಮುಗಿದು ಕೆಲಸ ಆರಂಭಿಸುವ ಮುನ್ನ ಕಣ್ಣಿನಿಂದ ತಂತಿಗಳ ಹಾದಿಯನ್ನು ನೋಡುವುದೇ ಮೊದಲ ಪರೀಕ್ಷೆ.

ಬಂದು ಹೋಗುವ ದೋಷ ಎಲ್ಲಕ್ಕಿಂತ ಕಠಿಣವಾದುದು. ಮಿಸ್ತ್ರಿ ಬಂದಾಗ ಯಂತ್ರ ನೆಟ್ಟಗಿರುತ್ತದೆ. ಇಲ್ಲಿ ಆಪರೇಟರನ ಸಾಕ್ಷಿಯೇ ಆಧಾರ. 'ಗಾಡಿ ಎಳೀವಲ್ದು', 'ಬಿಸಿ ಆದ ಮ್ಯಾಲೆ ನಿಂದರತೈತಿ', 'ತೊಳದ ಮರದಿನ ಹಿಂಗಾತು' ಎಂಬಂಥ ಮಾತುಗಳಲ್ಲಿ ದೋಷದ ಸ್ಥಳ ಅಡಗಿರುತ್ತದೆ. ಬಿಸಿಯಾದ ಮೇಲೆ ಎಂದರೆ ಎಂಜಿನ್ನಿನ ಬದಿಯ ಕನೆಕ್ಟರ್. ತೊಳೆದ ಮೇಲೆ ಎಂದರೆ ನೀರು ಹೊಕ್ಕ ಕನೆಕ್ಟರ್. ಏರುಪೇರಿನ ನೆಲದಲ್ಲಿ ಎಂದರೆ ಕ್ಯಾಬಿನ್ನಿನ ರಬ್ಬರ್ ಪಾದಗಳ ಹತ್ತಿರ ಉಜ್ಜುವ ತಂತಿ. ನಡು ಮುರಿದು ತಿರುಗುವ ಲೋಡರ್, ಗ್ರೇಡರುಗಳಲ್ಲಿ ತಿರುಗುವಾಗ ಎಂದರೆ ನಡುಗೀಲಿನಲ್ಲಿ ಹಾಯುವ ತಂತಿ. ಒಬ್ಬರು ಮೀಟರ್ ಹಿಡಿದು, ಹೆಲ್ಪರನು ತಂತಿಯ ಗಂಟನ್ನು ಒಂದೊಂದೇ ಗೇಣು ಅಲುಗಾಡಿಸುತ್ತ ಹೋದರೆ ಅಂಕಿ ಜಿಗಿದಲ್ಲಿ ದೋಷವಿದೆ. ಕಡಿತವು ಎಲ್ಲಿದೆಯೆಂದು ತಿಳಿಯದಿದ್ದರೆ ಸಾಲಿನ ನಡುವಿನ ಕನೆಕ್ಟರನ್ನು ಬಿಚ್ಚಿ ಎರಡೂ ಬದಿ ಅಳೆಯುವುದು ವಾಡಿಕೆ. 120 ಬಂದ ಬದಿ ಸರಿ, ಬಾರದ ಬದಿಯನ್ನು ಮತ್ತೆ ಅರ್ಧ ಮಾಡಬೇಕು. ಕಾಲುವೆಯ ನೀರು ಕೊನೆಯ ಹೊಲಕ್ಕೆ ಬಾರದಿದ್ದಾಗ ನೀರಗಂಟಿಯು ನಡುವಿನ ತೂಬಿಗೆ ಹೋಗಿ ನೋಡುವ ಬುದ್ಧಿಯೇ ಇದು. ತಂತಿಗಳೆರಡು ತಾಗಿರುವ ಅಥವಾ ಗದ್ದಲದ ದೋಷವಾದರೆ ಕಂಟ್ರೋಲರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತ, ಯಾವುದನ್ನು ತೆಗೆದಾಗ ಉಳಿದವು ಮಾತನಾಡತೊಡಗುತ್ತವೆಯೋ ನೋಡಬೇಕು. ಕೆಲವು ಕಂಟ್ರೋಲರ್‌ಗಳ ಒಳಗೇ ತುದಿಯ ತಡೆ ಇರುವುದರಿಂದ ಅವನ್ನು ಬಿಚ್ಚಿದಾಗ ಅಂಕಿ 120 ಆಗುವುದು ಸಹಜ. ಇದನ್ನು ದೋಷವೆಂದು ಭ್ರಮಿಸಬಾರದು.

ಪರೀಕ್ಷೆಯೇ ದೋಷವಾಗುವುದೂ ಉಂಟು. ತಂತಿಯ ಹೊದಿಕೆಗೆ ಗುಂಡುಸೂಜಿ ಚುಚ್ಚಿ ಅಳೆಯುವ ರೂಢಿ ವ್ಯಾಪಕವಾಗಿದೆ. ಅಂದು ದೊರೆಯುವ ಅಂಕಿ ಸರಿಯೇ. ಆದರೆ ಆ ತೂತಿನಿಂದ ಹೊಕ್ಕ ತೇವ ಕೆಲವು ತಿಂಗಳಲ್ಲಿ ತಾಮ್ರವನ್ನು ತಿಂದುಹಾಕುತ್ತದೆ. ಹೆಚ್ಚುವರಿ ದೀಪ, ವಾಹನದ ಜಾಡು ತಿಳಿಸುವ ಸಾಧನಗಳನ್ನು ಈ ಎರಡು ತಂತಿಗಳಿಗೆ ಮನಬಂದಂತೆ ಸಿಕ್ಕಿಸುವುದೂ ಅಪಾಯವೇ. ಮುಖ್ಯ ಸಾಲಿನಿಂದ ಹೊರಡುವ ಕವಲು 1 ಮೀಟರ್ ಮೀರಬಾರದೆಂಬ ನಿಯಮವಿದೆ. ಎಲ್ಲಕ್ಕೂ ಮಿಗಿಲಾದುದು ವೆಲ್ಡಿಂಗ್. ಬಕೆಟ್ಟಿನ ಹಲ್ಲು ಮುರಿದಾಗ ಊರಿನ ವೆಲ್ಡಿಂಗ್ ಅಂಗಡಿಗೆ ಹೋಗುವುದು ಅನಿವಾರ್ಯ. ಆಗ ಬ್ಯಾಟರಿಯ ಸಂಪರ್ಕ ಕಳಚಿ, ಕಂಟ್ರೋಲರ್‌ಗಳ ಕನೆಕ್ಟರ್ ಬಿಚ್ಚಿ, ಅರ್ಥ್ ಹಿಡಿಕೆಯನ್ನು ಬೆಸುಗೆಯ ತೀರ ಸಮೀಪಕ್ಕೆ ಹಾಕದಿದ್ದರೆ ಆ ಪ್ರವಾಹ ಯಂತ್ರದ ಮೈಯೆಲ್ಲ ಹಾಯ್ದು ಸಂವಹನದ ಬಿಡಿಭಾಗಗಳನ್ನು ಸುಡಬಲ್ಲದು. ಹಳೆಯ ಯಂತ್ರಗಳಿಗೆ ಈ ಎಚ್ಚರ ಬೇಕಿರಲಿಲ್ಲವಾದ್ದರಿಂದ ಹಳೆಯ ಅನುಭವವೇ ಇಲ್ಲಿ ಅಡ್ಡಬರುತ್ತದೆ. ಪರಂಪರಾಗತ ಜ್ಞಾನವೆಲ್ಲ ಹಿತವೆಂಬ ಜಾನಪದ ವಿದ್ವಾಂಸರ ಒಲವಿಗೆ ಈ ಉದಾಹರಣೆ ತಿದ್ದುಪಡಿಯಾಗಬಲ್ಲದು.

ಇದರಲ್ಲಿ ದುಡಿಮೆಯ ಲೆಕ್ಕದ ಪ್ರಶ್ನೆಯೂ ಅಡಗಿದೆ. ಮಣ್ಣಿನ ಕೆಲಸದವರು ಅಗೆದ ಆಳಕ್ಕೆ ಸಾಕ್ಷಿಯಾಗಿ ನಡುವೆ ಅಗೆಯದ ಮಣ್ಣಿನ ಗುಡ್ಡೆಯೊಂದನ್ನು ಬಿಡುತ್ತಿದ್ದರು. ಕೂಲಿಯ ಅಳತೆ ಎಲ್ಲರ ಕಣ್ಣೆದುರಿಗೆ ಇರುತ್ತಿತ್ತು. ಇಂದು ಬಾಡಿಗೆ ತಾಸಿನ ಲೆಕ್ಕದ್ದು, ತಾಸಿನ ಅಂಕಿ ಮಾನಿಟರಿನದು. ಅನೇಕ ಯಂತ್ರಗಳಲ್ಲಿ ಆ ಅಂಕಿ ಸಂವಹನದ ಸಾಲಿನಲ್ಲಿಯೇ ಬರಬೇಕು. ಸಾಲು ಕೆಟ್ಟು ಅಂಕಿ ನಿಂತರೂ ಎಂಜಿನ್ ಓಡುತ್ತಲೇ ಇದ್ದರೆ ಹೊಲದ ಒಡೆಯನಿಗೂ ಯಂತ್ರದ ಮಾಲೀಕನಿಗೂ ಲೆಕ್ಕ ಕೂಡುವುದಿಲ್ಲ. ಇನ್ನು ಎಂಜಿನ್ ತಾನಾಗಿ ಮಂದಗತಿಗೆ ಇಳಿದರಂತೂ ರೈತನಿಗೆ ತಾಸಿನ ಬಾಡಿಗೆ ಮಾತ್ರ ಏರುತ್ತದೆ, ಹೊಂಡ ಆಳವಾಗುವುದಿಲ್ಲ.

ಸಾಲನ್ನು ಸರಿಪಡಿಸಿದ ಮೇಲೂ ಕೆಲವು ಸಂಕೇತಗಳನ್ನು ಅಳಿಸಲು, ಹೊಸ ಕಂಟ್ರೋಲರನ್ನು ಯಂತ್ರಕ್ಕೆ ಪರಿಚಯಿಸಲು ಕಂಪನಿಯ ಸಾಫ್ಟ್‌ವೇರ್ ಬೇಕು. ಅದು ಅಧಿಕೃತ ಸೇವಾ ಕೇಂದ್ರದವರ ಲ್ಯಾಪ್‌ಟಾಪಿನಲ್ಲಿರುತ್ತದೆ, ಹೊಳೆಆಲೂರಿನಂಥ ಊರಿನ ಮಿಸ್ತ್ರಿಯ ಬಳಿ ಇರುವುದಿಲ್ಲ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿಯೊಂದನ್ನು ರಚಿಸಿ, ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಗುರುತಿಸಿತು. ಅಮೆರಿಕದ ಕೊಲರಾಡೊ ರಾಜ್ಯ 2023ರಲ್ಲಿ ಕೃಷಿ ಯಂತ್ರಗಳ ದುರಸ್ತಿಯ ಹಕ್ಕಿಗೆ ಕಾನೂನನ್ನೇ ಮಾಡಿತು. ಹೊಲದಲ್ಲಿ ಹೊಂಡ ತೋಡುವ ಹಿಟಾಚಿ ಕೃಷಿ ಉಪಕರಣವೋ ನಿರ್ಮಾಣ ಯಂತ್ರವೋ ಎಂಬ ಪ್ರಶ್ನೆ ರೋಣದ ರೈತನಿಗೆ ಹಾಸ್ಯಾಸ್ಪದವಾಗಿ ಕಂಡೀತು. ಹಕ್ಕಿನ ದೃಷ್ಟಿಯಿಂದ ಅದು ನಿರ್ಣಾಯಕವಾದುದು.

ಈ ಕ್ಷೇತ್ರದಲ್ಲಿ ಸಂಗ್ರಹ ಕಾರ್ಯಕ್ಕೆ ಇಳಿಯುವವರು ಮಿಸ್ತ್ರಿಯ ಮಾತಿನ ಜೊತೆಗೆ ಅವನ ಕೈಕೆಲಸದ ಕ್ರಮವನ್ನೂ ದಾಖಲಿಸಬೇಕು: ಮೊದಲು ಯಾವ ಕನೆಕ್ಟರ್ ಬಿಚ್ಚಿದನು, ಮೀಟರಿನಲ್ಲಿ ಎಷ್ಟು ಬಂದಿತು, ಆಪರೇಟರನಿಗೆ ಏನು ಕೇಳಿದನು, ಯಾವುದನ್ನು ನೋಡದೆ ಬಿಟ್ಟನು. ಬಿಚ್ಚಿದ ಕನೆಕ್ಟರಿನ ಕಿಲುಬು ಹಿಡಿದ ಕಡ್ಡಿ, ಇಲಿ ಕಡಿದ ತಂತಿಯ ತುಂಡು ಇವುಗಳನ್ನು ಯಂತ್ರದ ಮಾದರಿ, ದಿನಾಂಕ ಮತ್ತು ದೋಷ ಸಂಕೇತದೊಡನೆ ಪಟ್ಟಿ ಅಂಟಿಸಿ ಇಡುವುದು ಸಾಧ್ಯ. ಸದ್ಯಕ್ಕೆ ಇಂಥ ದಾಖಲೆ ಇರುವುದು ಹೆಚ್ಚೆಂದರೆ ಮಿಸ್ತ್ರಿಯ ಮೊಬೈಲಿನ ಫೋಟೊಗಳಲ್ಲಿ. ಮೊಬೈಲ್ ಬದಲಾದಾಗ ಅವೂ ಹೋಗುತ್ತವೆ.